ಒರೆಸ್ತೆಯ ಜಾಗ

ಶವಪೆಟ್ಟಿಗೆ ಎರಡನೆಯ ಮಹಡಿಯ ತಿರುವಿನಲ್ಲಿ ಸಿಕ್ಕಿಕೊಂಡಿತು. ಹಿಂದಿನವರು ಎತ್ತಿದರೆ ಮುಂದಿನವರು ಇಳಿಸುತ್ತಿದ್ದರು, ಮುಂದಿನವರು ಎತ್ತಿದರೆ ಹಿಂದಿನವರು ಕೈ ಸಡಿಲ ಬಿಡುತ್ತಿದ್ದರು. ಅಂತ್ಯಕ್ರಿಯೆಯ ಕಂಪನಿಯಿಂದ ಬಂದಿದ್ದ ಕರಿ ಸೂಟಿನ ನಾಲ್ವರು ಆಳುಗಳು ಬೆಳಬೆಳಗ್ಗೆಯೇ ಬೆವೆತು ಹೋಗಿದ್ದರು.

"ಓರೆ ಮಾಡ್ರೋ, ಓರೆ!" ಎಂದು ಮೇಲಿನಿಂದ ಎರ್ಸಿಲಿಯಾ ಕೂಗಿದಳು. ಎಂಬತ್ತರ ಹತ್ತಿರದ ಮುದುಕಿ, ಪೆಟ್ಟಿಗೆಯೊಳಗೆ ಮಲಗಿದ್ದ ಒರೆಸ್ತೆಯ ಹೆಂಡತಿ. "ಬೀರು ತಂದಾಗ್ಲೂ ಅಲ್ಲೇ ಸಿಕ್ಕಾಕ್ಕೊಂಡಿತ್ತು."

"ಅಮ್ಮಾ, ಓರೆ ಮಾಡಿದ್ರೆ ಒಳಗೆ ಯಜಮಾನ್ರು ಜಾರ್ತಾರೆ."

"ಜಾರ್ಲಿ ಬಿಡು. ಜೀವಮಾನದಲ್ಲಿ ಒಂದ್ಸಲನಾದ್ರೂ ಆ ಮನುಷ್ಯ ಜಾರ್ಲಿ."

ಮಗಳು ಒರ್ನೆಲ್ಲಾ ತಾಯಿಯ ತೋಳು ಹಿಡಿದು ನಿಂತಿದ್ದಳು. ನಲವತ್ತಾರು ವರ್ಷದ ಗಟ್ಟಿ ಹೆಂಗಸು, ಓಣಿಯ ಬ್ರೆಡ್ ಅಂಗಡಿಯಲ್ಲಿ ಹಿಟ್ಟಿನ ಮೂಟೆ ಎತ್ತಿ ಎತ್ತಿ ಅಪ್ಪನಷ್ಟೇ ಅಗಲ ಹೆಗಲು ಬೆಳೆಸಿಕೊಂಡವಳು. ಅಮ್ಮನ ಮಾತಿಗೆ ನಗು ಬಂತು, ಅದರ ಬೆನ್ನಿಗೇ ಅಳು ಬಂತು. ಎರಡನ್ನೂ ನುಂಗಿಕೊಂಡು ಮೆಟ್ಟಿಲಿಳಿದಳು.

ಕೆಳಗೆ ಬೀದಿಯಲ್ಲಿ ತೀಬರ್ ಹೊಳೆಯ ಮಂಜು ಇನ್ನೂ ಕರಗಿರಲಿಲ್ಲ. ನಮ್ಮ ಬೋರ್ಗೋ ಕೇರಿಯಲ್ಲಿ ಅಕ್ಟೋಬರ್ ತಿಂಗಳ ಬೆಳಗೆಂದರೆ ಹಾಗೆಯೇ, ಯಾರೋ ಅರ್ಧ ನಿದ್ದೆಯಲ್ಲಿ ಕಂಡ ಊರಿನ ಹಾಗೆ. ಸಂತ ಪೇತ್ರರ ಮಹಾಮಂದಿರದ ಗುಮ್ಮಟ ಮಾತ್ರ ಮೇಲೆ ಕಾಣುತ್ತಿತ್ತು, ಅದರ ಕೆಳಗೆ ಗೋಡೆಯೂ ಇಲ್ಲ, ಕಂಬವೂ ಇಲ್ಲ. ಮಂಜಿನಲ್ಲಿ ಎಲ್ಲಿಂದಲೋ ಹುರಿದ ಕಾಫಿಯ ವಾಸನೆ ಬರುತ್ತಿತ್ತು. ಓಣಿ ಇಕ್ಕಟ್ಟು, ಸಂತೆಯ ಗಾಡಿಗಳು ಬೇರೆ ನಿಂತಿದ್ದವು. ಶವದ ಕಾರು ಇಗರ್ಜಿಯ ಹತ್ತಿರವೇ ನಿಂತಿತ್ತು. ಅಲ್ಲಿಯವರೆಗೆ ಹೆಗಲ ಮೇಲೆಯೇ ಒಯ್ಯಬೇಕು.

ಬಾಗಿಲಲ್ಲಿ ಐವರು ಮುದುಕರು ಟೋಪಿ ತೆಗೆದು ಕಾಯುತ್ತಿದ್ದರು. ಐವರದೂ ಒಂದೇ ಅಳತೆಯ ಮೈಕಟ್ಟು, ಐವರ ಬೆನ್ನೂ ವಯಸ್ಸಿಗೆ ಮೀರಿ ನೆಟ್ಟಗೆ. ಪೋಪರ ಕುರ್ಚಿ ಹೊತ್ತವರು ಅವರು. ಹಬ್ಬದ ದಿನ ಮಹಾಮಂದಿರದ ಜನಸಾಗರದ ನಡುವೆ ಪೋಪರು ಎಲ್ಲರಿಗೂ ಕಾಣಲಿ ಎಂದು, ಉದ್ದನೆಯ ದಂಡಗಳ ಮೇಲಿಟ್ಟ ಎತ್ತರದ ಕುರ್ಚಿಯಲ್ಲಿ ಅವರನ್ನು ಕೂರಿಸಿ ಹೊರುತ್ತಿದ್ದ ಕಾಲವೊಂದಿತ್ತು. ಕೆಂಪು ರೇಷ್ಮೆಯ ಉಡುಪಿನ ಹನ್ನೆರಡು ಜನ. ನೂರಾರು ವರ್ಷ ನಡೆದ ಪದ್ಧತಿ. ಆಮೇಲೆ ಬಂದ ಪೋಪರು ನಡೆದೇ ಹೋಗುತ್ತಾರಂತೆ ಎಂದು ಮೇಲಿನಿಂದ ಮಾತು ಬಂತು. ಕುರ್ಚಿ ಉಗ್ರಾಣ ಸೇರಿತು. ಹನ್ನೆರಡು ಜನರಲ್ಲಿ ಆರು ಮಂದಿ ಹಿಂದೆಯೇ ಮಣ್ಣಾಗಿದ್ದರು, ಈಗ ಒರೆಸ್ತೆ.

ಆಳುಗಳು ಪೆಟ್ಟಿಗೆಯನ್ನು ಹೆಗಲಿಗೇರಿಸಿ ಹೊರಟರು. ಒಂದು, ಎರಡು, ಒಂದು, ಎರಡು. ನಾಲ್ವರ ಎಡಗಾಲೂ ಒಟ್ಟಿಗೆ ಬೀಳುತ್ತಿತ್ತು, ನಾಲ್ವರ ಬಲಗಾಲೂ ಒಟ್ಟಿಗೆ. ಪೆಟ್ಟಿಗೆ ಅತ್ತ ವಾಲುತ್ತಿತ್ತು, ಇತ್ತ ವಾಲುತ್ತಿತ್ತು. ಮೇಲಿದ್ದ ಹೂವಿನ ಹಾರ ಜಾರಿ ಬಿತ್ತು.

"ಅಯ್ಯೋ ದೇವರೇ," ಎಂದ ಐವರಲ್ಲಿ ಒಬ್ಬನಾದ ದುಂಡು ಮುಖದ ಗಾಸ್ಪರೆ. "ಅವ್ನಿಗೆ ವಾಂತಿ ಬರುತ್ತೆ ಕಣ್ರೋ!"

ಯಾರೂ ನಗಲಿಲ್ಲ. ಒರ್ನೆಲ್ಲಾ ಬಗ್ಗಿ ಹಾರ ಎತ್ತಿಕೊಂಡಳು.

* * *

ಒರೆಸ್ತೆಯ ಮನೆಯಲ್ಲಿ ಪೋಪರ ಚರಿತ್ರೆಯೇ ಬೇರೆ. ಯಾರು ಯಾವ ರಾಜನೊಡನೆ ಜಗಳವಾಡಿದರು, ಯಾವ ಸಭೆ ಕರೆದರು ಎಂಬುದೆಲ್ಲ ಆ ಮನೆಗೆ ಬೇಕಿರಲಿಲ್ಲ. ಅಜ್ಜ, ಮುತ್ತಜ್ಜ, ಅವನಪ್ಪ, ಎಲ್ಲರೂ ಹೊತ್ತವರೇ. ಅವರಿಗೆ ಪೋಪರು ಗೊತ್ತಿದ್ದದ್ದು ಹೆಗಲಿನಿಂದ.

"ಮುತ್ತಜ್ಜ ಹೊತ್ತ ಪೋಪರು ಒಳ್ಳೇ ಊಟಗಾರರು," ಎಂದು ಒರೆಸ್ತೆ ಮಗಳನ್ನು ಮಲಗಿಸುತ್ತ ಹೇಳುತ್ತಿದ್ದ. "ಆಮೇಲಿನವರು ಹಕ್ಕಿ ಥರ. ಹೊತ್ತಿದೀವೋ ಇಲ್ವೋ ಅಂತ ಅಜ್ಜಂಗೆ ಅನುಮಾನ ಬಂದು ಮೇಲೆ ನೋಡಿಬಿಟ್ಟಿದ್ದನಂತೆ."

"ನೀನು ಹೊತ್ತವರು?"

"ಒಬ್ಬರು ಹೆದರ್ತಿದ್ರು. ಕುರ್ಚಿ ಕೈ ಗಟ್ಟಿ ಹಿಡ್ಕೊಂಡಿದ್ರೆ ನಮ್ಗೆ ದಂಡದಲ್ಲೇ ಗೊತ್ತಾಗುತ್ತೆ ಪುಟ್ಟಿ. ಜನಕ್ಕೆ ಗೊತ್ತಾಗಲ್ಲ, ಜನ ಕರವಸ್ತ್ರ ಬೀಸ್ತಾರೆ."

ಹೊಸ ಪೋಪರಿಗೆ ಕಿರೀಟ ಇಡುವ ದಿನ ಕುರ್ಚಿಯ ಮುಂದೆ ನಾರಿನ ಉಂಡೆಯೊಂದನ್ನು ಸುಡುತ್ತಿದ್ದರು, ಲೋಕದ ವೈಭವ ಇಷ್ಟೇ ಎಂದು ಅವರಿಗೆ ನೆನಪಿಸಲು. ಅದರ ಬೂದಿ ಮಾತ್ರ ಪ್ರತಿಸಲವೂ ಹೊತ್ತವರ ತೋಳಿನ ಮೇಲೇ ಬೀಳುತ್ತಿತ್ತು. ಎರ್ಸಿಲಿಯಾ ಬಾಲ್ಕನಿಯಲ್ಲಿ ನಿಂತು ಕೆಂಪು ರೇಷ್ಮೆ ಒದರುತ್ತ, "ವೈಭವ ಅವರದು, ಒಗೆಯೋದು ನಾನು," ಎಂದು ಗೊಣಗುತ್ತಿದ್ದಳು.

ಭಾನುವಾರ ಮಧ್ಯಾಹ್ನ ಅಪ್ಪ ಮಗಳ ಆಟ. ಹಿಟ್ಟು ನಾದುವ ಉದ್ದ ಹಲಗೆಯ ಮೇಲೆ ಮನೆಯ ಬೆಕ್ಕನ್ನು ಮಲಗಿಸಿ, ಒರ್ನೆಲ್ಲಾ ಮುಂದೆ, ಅಪ್ಪ ಹಿಂದೆ, ಅಡಿಗೆಮನೆಯಿಂದ ಬಾಲ್ಕನಿಯವರೆಗೆ ಹೊತ್ತೊಯ್ಯುವುದು. ಬೆಕ್ಕು ಕಣ್ಣು ಬಿಟ್ಟರೆ ಸೋತ ಹಾಗೆ.

"ಸಿಪಾಯಿ ನಡಿಗೆ ಬೇಡ," ಎನ್ನುತ್ತಿದ್ದ ಅಪ್ಪ. "ನನ್ನ ಎಡಗಾಲು ಹೋದಾಗ ನಿನ್ನ ಬಲಗಾಲು. ಮಂಡಿ ಸ್ವಲ್ಪ ಬಗ್ಗಿಸು. ಪಾದ ಎತ್ತಬೇಡ, ಜಾರಿಸು. ನೀನು ನಡೀತಿಲ್ಲ, ನೆಲ ಹಿಂದಕ್ಕೆ ಹೋಗ್ತಿದೆ ಅನ್ಕೋ."

ಬೆಕ್ಕು ಗೊರಕೆ ಹೊಡೆಯುತ್ತಿತ್ತು. ಬಿಸಿಲು ಹಜಾರದುದ್ದಕ್ಕೂ ಬಿದ್ದಿರುತ್ತಿತ್ತು, ಮಹಾಮಂದಿರದ ಗಂಟೆ ಎಲ್ಲೋ ದೂರದಲ್ಲಿ ಹೊಡೆಯುತ್ತಿತ್ತು. ಆ ಹೊತ್ತಿನಲ್ಲಿ ಒರ್ನೆಲ್ಲಾಗೆ ಹಲಗೆಯ ಮೇಲೆ ಇರುವುದು ಬೆಕ್ಕೆಂದು ಅನಿಸುತ್ತಲೇ ಇರಲಿಲ್ಲ. ಅವಳಷ್ಟು ಸುಖಿ ಆ ಓಣಿಯಲ್ಲಿ ಯಾರೂ ಇರಲಿಲ್ಲ.

* * *

"ನಿಲ್ಸಿ!"

ಕೂಗಿದವನು ಕ್ವಿರೀನೊ, ಐವರಲ್ಲಿ ಹಿರಿಯ, ಕುರ್ಚಿಯ ಮುಂದಿನ ದಂಡ ಹಿಡಿಯುತ್ತಿದ್ದವನು. ಆಳುಗಳು ನಿಂತರು. ತರಕಾರಿ ಗಾಡಿಯವರು ತಿರುಗಿ ನೋಡಿದರು.

"ಕೆಳಗಿಡಿ. ನಾವು ಹೊರ್ತೀವಿ."

ಕಂಪನಿಯ ಮೇಸ್ತ್ರಿ ಓಡಿಬಂದ. "ಅಜ್ಜಾ, ನಿಮ್ಮ ವಯಸ್ಸೇನು, ಇದರ ತೂಕವೇನು? ನಡುಬೀದೀಲಿ ಬಿದ್ರೆ ಯಾರು ಹೊಣೆ?"

"ಪೋಪರನ್ನೇ ಬೀಳಿಸ್ಲಿಲ್ಲ, ಒರೆಸ್ತೆನ ಬೀಳಿಸ್ತೀವಾ? ಇಡಯ್ಯ ಕೆಳಗೆ!"

ಪೆಟ್ಟಿಗೆಯನ್ನು ಎರಡು ಸ್ಟೂಲಿನ ಮೇಲಿಟ್ಟರು. ಐವರೂ ಕೋಟು ಬಿಚ್ಚಿ ಗಾಡಿಯ ಮೇಲೆ ಹಾಕಿ, ಕುರ್ಚಿ ಹೊರುವಾಗಿನ ಅವರವರ ಜಾಗಕ್ಕೆ ಹೋಗಿ ನಿಂತರು. ಬಲಗಡೆ ಮೂವರು, ಎಡಗಡೆ ಮುಂದೆ ಕ್ವಿರೀನೊ, ಕೊನೆಯಲ್ಲಿ ಗಾಸ್ಪರೆ. ಕ್ವಿರೀನೊನ ಬೆನ್ನ ಹಿಂದೆ ಒಂದು ಜಾಗ ಖಾಲಿ ಉಳಿಯಿತು. ಅದು ಒರೆಸ್ತೆಯ ಜಾಗ.

"ಒಬ್ಬ ಬೇಕಲ್ಲೋ," ಎಂದ ಗಾಸ್ಪರೆ.

"ಆ ಸಿಪಾಯಿಗಳಲ್ಲಿ ಒಬ್ಬನ್ನ ಕರಿ. ಏನ್ಮಾಡೋದು," ಎಂದ ಕ್ವಿರೀನೊ.

"ನಾನಿದೀನಿ," ಎಂದಳು ಒರ್ನೆಲ್ಲಾ.

ಕ್ವಿರೀನೊ ಅವಳತ್ತ ನೋಡಿದ. ದನಿ ಗಡುಸಾಗಿರಲಿಲ್ಲ, ಆದರೆ ಜಗ್ಗುವ ದನಿಯೂ ಅಲ್ಲ. "ನೀನು ಅಮ್ಮನ ಜೊತೆ ಬಾ ಮಗಳೇ. ಹೆಣ್ಮಕ್ಕಳು ಹಿಂದೆ ನಡೀಬೇಕು. ಇದು ನಮ್ಮ ಕೆಲಸ."

"ಅದು ನನ್ನಪ್ಪನ ಜಾಗ ಮಾವ."

"ಹೌದು. ಅದಕ್ಕೇ ಹೇಳ್ತಿರೋದು. ಅದರಲ್ಲಿ ಹೆಂಗಸರು ಯಾವತ್ತೂ ನಿಂತಿಲ್ಲ."

ಇಗರ್ಜಿಯ ಗಂಟೆ ಶುರುವಾಯಿತು. ಮೇಸ್ತ್ರಿ ಗಡಿಯಾರ ನೋಡಿಕೊಂಡ. ಆಳುಗಳಲ್ಲಿ ಒಬ್ಬ ಒರೆಸ್ತೆಯ ಜಾಗಕ್ಕೆ ಬಂದು ನಿಂತ, ಹೆಗಲು ಕೊಟ್ಟ. ಅವನು ಅಲ್ಲಿ ನಿಂತದ್ದನ್ನು ಕಂಡು ಒರ್ನೆಲ್ಲಾಗೆ ಮೈಯೆಲ್ಲ ಉರಿಯಿತು.

* * *

ಅವಳಿಗೆ ಹನ್ನೊಂದಾಗಿದ್ದ ವರ್ಷ, ಸಂತ ಪೇತ್ರರ ಹಬ್ಬದ ದಿನ, ಅಪ್ಪನ ಜೊತೆ ಹೊರುವ ಹನ್ನೊಂದು ಜನವೂ ಮನೆಗೆ ಊಟಕ್ಕೆ ಬಂದಿದ್ದರು. ಕುರಿಮಾಂಸ, ವೈನು, ಕಲ್ಲಂಗಡಿ. ಒರ್ನೆಲ್ಲಾ ಬ್ರೆಡ್ಡಿನ ಬುಟ್ಟಿ ಹಿಡಿದು ಬಂದವಳು ಅಪ್ಪನ ಪಕ್ಕ ನಿಂತು, ಎಲ್ಲರ ಮುಂದೆ, ಎಷ್ಟೋ ದಿನದಿಂದ ಕೂಡಿಟ್ಟ ಪ್ರಶ್ನೆ ಕೇಳಿದಳು.

"ಅಪ್ಪಾ, ನಾನು ಪೋಪರನ್ನ ಹೊರೋಕೆ ಯಾವಾಗ ಬರ್ಲಿ?"

ಮೇಜಿನ ಸುತ್ತ ನಗುವೋ ನಗು. ನಕ್ಕು ನಕ್ಕು ಕ್ವಿರೀನೊಗೆ ವೈನು ನೆತ್ತಿಗೇರಿತು. "ಹೊಸ ಪೋಪರು ಬೇಕು ಇವಳಿಗೆ, ಮದುವೆಗಂಡು ಬೇಡ!" ಎಂದು ಯಾರೋ ಕೂಗಿದರು. ಅಪ್ಪ ನಗಲಿಲ್ಲ. ಮಗಳ ಮುಖ ನೋಡಿದ, ಗೆಳೆಯರ ಮುಖ ನೋಡಿದ, ಆಮೇಲೆ ತಾನೂ ನಕ್ಕ. ಅವನ ನಗು ಎಲ್ಲರ ನಗುವಿಗಿಂತ ತಡವಾಗಿ ಬಂತು, ತಡವಾಗಿ ನಿಂತಿತು.

ಮುಂದಿನ ಭಾನುವಾರ ಆಟದ ಹಲಗೆಯನ್ನು ಅಪ್ಪ ಗೋಡೆಗೆ ಹೊಡೆದು ಪಾತ್ರೆಯಿಡುವ ಶೆಲ್ಫು ಮಾಡಿದ್ದ. ಯಾಕೆ ಎಂದು ಒರ್ನೆಲ್ಲಾ ಕೇಳಲಿಲ್ಲ, ಅವನೂ ಹೇಳಲಿಲ್ಲ. ಆ ಮನೆಯಲ್ಲಿ ಅದರ ಮಾತೇ ಮತ್ತೆ ಏಳಲಿಲ್ಲ. ಆದರೆ ಯಾರಾದರೂ ನೆಂಟರು ಬಂದರೆ, "ನಮ್ಮ ಮನೆತನದ ಹೆಗಲು ನನ್ನ ಜೊತೆಗೇ ಮುಗೀತು ನೋಡಿ," ಎನ್ನುವುದು ಅವನಿಗೆ ರೂಢಿಯಾಗಿಬಿಟ್ಟಿತು. ಬ್ರೆಡ್ ಕುಯ್ಯುತ್ತ ಅವಳು ಕೇಳಿಸಿಕೊಳ್ಳುತ್ತಿದ್ದಳು. ಅಪ್ಪನ ಮೇಲೆ ಅವಳಿಗೆ ಸಿಟ್ಟಿತ್ತು. ಕೊನೆಯ ವಾರ ಅವನಿಗೆ ಚಮಚದಲ್ಲಿ ಗಂಜಿ ಕುಡಿಸುವಾಗಲೂ ಇತ್ತು. ಪ್ರೀತಿ ಇಲ್ಲದಿದ್ದರೆ ಅಷ್ಟು ದಿನ ಬಾಳುವ ಸಿಟ್ಟಲ್ಲ ಅದು.

* * *

ಆರು ಜನ ಎತ್ತಿದರು. ಹೊರಡಿ ಎಂಬ ಸನ್ನೆಯಾಗಿ ಕ್ವಿರೀನೊ ನಾಲಿಗೆಯಿಂದ ಸಣ್ಣಗೆ ಲೊಚ್ಚೆಂದ. ಐದು ಜೊತೆ ಕಾಲು ಜಾರಿದಂತೆ ಮುಂದೆ ಹೋದವು, ಆರನೆಯದು ಟಪ್ಪೆಂದು ನೆಲಕ್ಕೆ ಬಿತ್ತು. ಪೆಟ್ಟಿಗೆ ಎಡಕ್ಕೆ ಅದುರಿತು. ಮತ್ತೆ ಟಪ್. ಮತ್ತೆ ಅದುರಿತು.

"ಸಾಕು, ನಿಲ್ಸಿ!" ಒರ್ನೆಲ್ಲಾ ಅಳುತ್ತಲೇ ಮುಂದೆ ಬಂದು ದಾರಿಗೆ ಅಡ್ಡ ನಿಂತಳು. "ನಿಮ್ಗೆಲ್ಲ ಗೊತ್ತು ಅದು ಸರಿಯಿಲ್ಲ ಅಂತ. ಅವನಿಗೆ ಅದು ಬರಲ್ಲ. ನನಗೆ ಬರುತ್ತೆ. ನನ್ನಪ್ಪನೇ ಕಲಿಸಿದ್ದು."

"ಒರೆಸ್ತೆ? ನಿನಗೆ?" ಕ್ವಿರೀನೊ ನಂಬಲಿಲ್ಲ. "ಒಂದು ದಿನಾನೂ ನಮಗೆ ಹೇಳ್ಲಿಲ್ಲ."

"ಹೇಳಿದ್ರೆ ನೀವು ನಗ್ತಿದ್ರಲ್ಲ."

ಪೆಟ್ಟಿಗೆಯ ಹಿಂದೆ ನಡೆದು ಬರುತ್ತಿದ್ದ ಎರ್ಸಿಲಿಯಾ ಮುಂದೆ ಬಂದಳು. "ನೋಡು ಕ್ವಿರೀನೊ. ಸುತ್ತಿ ಬಳಸಿ ಮಾತಾಡೋಕೆ ನನಗೆ ಬರಲ್ಲ. ಇವಳನ್ನ ನಡಿಸಿ ನೋಡು. ಚೆನ್ನಾಗಿಲ್ಲ ಅಂದ್ರೆ ನಾನೇ ಕೈ ಹಿಡ್ದು ಹಿಂದೆ ಕರ್ಕೊಂಡು ಹೋಗ್ತೀನಿ."

ಕ್ವಿರೀನೊ ಪೆಟ್ಟಿಗೆ ಇಳಿಸಲು ಸನ್ನೆ ಮಾಡಿದ. ಕೊನೆಗೆ, "ನಡಿ ನೋಡೋಣ," ಎಂದ. ಬೇಸರದಿಂದಲೇ ಎಂದ.

ಒರ್ನೆಲ್ಲಾ ಎತ್ತರ ಹಿಮ್ಮಡಿಯ ಷೂ ಕಳಚಿ ಬದಿಗಿಟ್ಟಳು. ಕಲ್ಲುಹಾಸು ತಣ್ಣಗಿತ್ತು. ಬಲಗೈ ಎತ್ತಿ, ಇಲ್ಲದ ದಂಡವನ್ನು ಹೆಗಲ ಮೇಲೆ ಹಿಡಿದುಕೊಂಡು, ಮಂಡಿ ತುಸು ಬಗ್ಗಿಸಿ, ನಡೆದಳು. ಎಷ್ಟೋ ವರ್ಷವಾಗಿತ್ತು. ಕಾಲು ತಾನಾಗಿ ಹೋಯಿತು. ಟೊಮೆಟೊ ಗಾಡಿ, ಮೀನಿನ ಗಾಡಿ, ಗೋಡೆಗೊರಗಿದ ಜನ, ಎಲ್ಲವೂ ಮಂಜಿನಲ್ಲಿ ನಿಧಾನವಾಗಿ ಹಿಂದಕ್ಕೆ ಹೋಗುತ್ತಿದ್ದವು, ಅವಳು ಮಾತ್ರ ಇದ್ದಲ್ಲೇ ಇದ್ದಳು. ತಿರುಗಿ ಬರುವಾಗ ಎಡ ಮಂಡಿ ಒಂದೇ ಒಂದು ಗಳಿಗೆ ತಡೆದು ಹೆಜ್ಜೆ ಹಾಕಿತು. ಅದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ.

ಗಾಸ್ಪರೆ ಪೆಟ್ಟಿಗೆ ಹಿಡಿದುಕೊಂಡೇ ಬಿಕ್ಕಿದ. "ಅವನೇ ಕಣೋ. ಒರೆಸ್ತೆದೇ ಆ ಹಾಳು ಮಂಡಿ. ಅವನೇ."

ಕ್ವಿರೀನೊ ಮೂಗು ಒರೆಸಿಕೊಂಡ. ಅಂದು ಊಟದ ಮೇಜಿನಲ್ಲಿ ತಾನು ನಕ್ಕದ್ದು ಅವನಿಗೆ ನೆನಪಿತ್ತೋ ಇಲ್ಲವೋ, ಕೇಳಿದವರಿಲ್ಲ. ಆಳನ್ನು ತೋಳು ಹಿಡಿದು ಪಕ್ಕಕ್ಕೆ ಸರಿಸಿದ. "ಏ, ಸಿಪಾಯಿ, ಆ ಕಡೆ ಹೋಗು. ಬಾಮ್ಮ. ನನ್ನ ಹಿಂದೆ. ನನ್ನ ಕಾಲು ನೋಡಬೇಡ, ತಲೆ ಬಗ್ಗಿಸು, ಮರಕ್ಕೆ ಕಿವಿ ತಾಗಿಸ್ಕೊ."

ಎತ್ತಿದರು. ಭಾರ ಹೆಗಲಿಗೆ ಬಂದು ಕೂತಿತು. ಅಪ್ಪ ಇಷ್ಟು ತೂಗುತ್ತಾನೆಂದು ಅವಳು ಅಂದುಕೊಂಡಿರಲಿಲ್ಲ. ಕ್ವಿರೀನೊ ಲೊಚ್ಚೆಂದ. ಪೆಟ್ಟಿಗೆ ಮುಂದೆ ಸಾಗಿತು, ಅಲುಗಲಿಲ್ಲ.

ಮೊದಲು ಚಪ್ಪಾಳೆ ತಟ್ಟಿದ್ದು ಮೀನಿನವಳು. ಆಮೇಲೆ ಬ್ರೆಡ್ ಅಂಗಡಿಯ ಬಾಗಿಲಿಂದ, ಕಿಟಕಿಗಳಿಂದ, ಬಾಲ್ಕನಿಗಳಿಂದ. ಇಡೀ ಓಣಿ ಚಪ್ಪಾಳೆ ತಟ್ಟಿತು. ಮೇಲಿನಿಂದ ಬಿಳಿ ಬಟ್ಟೆಗಳು ಬೀಸುತ್ತಿದ್ದವಂತೆ, ಯಾರೋ ಹೂವು ಎಸೆದರಂತೆ, ಮಂಜು ಹರಿದು ಗುಮ್ಮಟದ ಮೇಲೆ ಬಿಸಿಲು ಬಿತ್ತಂತೆ. ಎಲ್ಲ ಆಮೇಲೆ ಬೇರೆಯವರು ಹೇಳಿದ್ದು. ಒರ್ನೆಲ್ಲಾಗೆ ಅದೊಂದೂ ಕಾಣಲಿಲ್ಲ. ಕಂಡದ್ದು ಒಂದೇ, ಮುಂದಿದ್ದ ಕ್ವಿರೀನೊನ ಕತ್ತಿನ ಹಿಂಭಾಗ. ಎರಡು ಮಡಿಕೆ ಚರ್ಮ, ಕ್ಷೌರಿಕ ಬಿಟ್ಟುಹೋದ ನಾಲ್ಕು ಬಿಳಿ ಕೂದಲು, ಎಡಕ್ಕೊಂದು ಕರಿ ಮಚ್ಚೆ. ಕಹಳೆ, ದೀಪ, ಜೈಕಾರ, ಎಷ್ಟೊಂದು ಪೋಪರು, ಇವೆಲ್ಲದರ ನಡುವೆ ಅಷ್ಟು ವರ್ಷ ಅಪ್ಪ ನೋಡಿದ್ದೆಲ್ಲ ಇದನ್ನೇ. ಮಚ್ಚೆಯ ಪಕ್ಕದಿಂದ ಬೆವರ ಹನಿಯೊಂದು ಮೆಲ್ಲಗೆ ಇಳಿದು ಕಾಲರಿನೊಳಗೆ ಹೋಯಿತು. ಅದರ ಹಿಂದೆ ಇನ್ನೊಂದು ಹನಿ ಮೂಡಿತು.