ಚಳಿಗಾಗದ ಡ್ಯಾಶ್‌ಕ್ಯಾಮ್

ಯಾಕುತ್ಸ್ಕ್‌ನ ಅಯಾಲ್ ತನ್ನ ಕಾರಿನ ಗಾಜಿಗೆ, ಎದುರಿನ ರಸ್ತೆಯನ್ನು ಚಿತ್ರೀಕರಿಸುವ ಹೊಸ ಡ್ಯಾಶ್‌ಕ್ಯಾಮ್ ಹಾಕಿಸಿ ವಾರವಾಗಿತ್ತು. ದಟ್ಟ ಮಂಜಿನಲ್ಲೂ ಎದುರಿನ ಗಾಡಿಯ ನಂಬರು ಸ್ಪಷ್ಟವಾಗಿ ಮೂಡುತ್ತಿತ್ತು. ಕಾರು ನಿಂತಿದ್ದಾಗಲೂ ಅದು ಕಾವಲು ಕಾಯುತ್ತಿತ್ತು. ಇದ್ದದ್ದು ಒಂದೇ ಕೊರತೆ: ಆ ಊರಿನ ಹಾಳು ಚಳಿಗೆ ಅದರ ಬ್ಯಾಟರಿ ತಡೆಯುತ್ತಿರಲಿಲ್ಲ. ಹಾಗಾಗಿ ಎಲ್ಲರಂತೆ ಅವನೂ ಸಂಜೆ ಅದನ್ನು ಬಿಚ್ಚಿ, ಕೋಟಿನೊಳಗೆ ಅವಚಿಕೊಂಡು ಮನೆಗೆ ತರುತ್ತಿದ್ದ.

“ನನ್ನ ಯಾವತ್ತಾದ್ರೂ ಹಿಂಗೆ ಅಪ್ಕೊಂಡಿದ್ದೀಯೇನಯ್ಯಾ?” ಎಂದು ಹೆಂಡತಿ ಸರ್ದಾನಾ ಅವತ್ತು ಕಿಚಾಯಿಸಿ, ಕಸ ಎಸೆಯಲು ಕೆಳಗಿಳಿದಳು.

ಅಂಗಳದಲ್ಲಿ, ಅಯಾಲ್‌ನ ಕಾರಿನ ಮೂತಿಯೆದುರೇ, ಯಾವುದೋ ಗಾಡಿ ಅವಳಿಗೆ ಗುದ್ದಿ ನಿಲ್ಲದೆ ಹೋಯಿತು. ಅವಳ ಜೀವ ಉಳಿಯಲಿಲ್ಲ.

ಕಾರಿನ ಗಾಜಿಗಂಟಿದ್ದ ಖಾಲಿ ಹಿಡಿಕೆ ನೋಡಿ ಪೊಲೀಸಿನವನು ಕೇಳಿದ, “ಕ್ಯಾಮೆರಾ ಕೆಟ್ಟೋಗಿತ್ತೇನಪ್ಪಾ?”

“ಇಲ್ಲ,” ಅಂದ ಅಯಾಲ್. “ಚೆನ್ನಾಗೇ ಇದೆ. ಅಡುಗೆಮನೇಲಿ ಬೆಚ್ಚಗಿದೆ.”