ಮೂರು ಸಲ ತೊಳೆದ ಜಲ್ಲಿ

ತಂಗಿ ಸಿಂಚನ ಸಾಕಿದ್ದ ಆಕ್ಸೊಲಾಟಲ್ ಹತ್ತು ದಿನದಿಂದ ಏನೂ ತಿಂದಿರಲಿಲ್ಲ. ಅದು ನೀರಲ್ಲೇ ಬದುಕುವ, ಹಲ್ಲಿಯಂಥ ನಾಲ್ಕು ಕಾಲಿನ ಸಾಲಮಾಂಡರ್. ದೇವನಹಳ್ಳಿಯ ಅಂಗಡಿಯವನು ರೋಗ ಬಂದಿದ್ದನ್ನೇ ನಮ್ಮ ತಲೆಗೆ ಕಟ್ಟಿದ್ದಾನೆ ಅಂತ ನನಗೆ ಮೈಯೆಲ್ಲಾ ಉರೀತಿತ್ತು. ಮೊದಲು ಡಾಕ್ಟರಿಗೆ ತೋರಿಸಿ, ಆಮೇಲೆ ಅವನ ಕೊರಳಪಟ್ಟಿ ಹಿಡಿಯೋಣ ಅಂತಲೇ ಹೊರಟಿದ್ದೆ.

ಡಾಕ್ಟರಮ್ಮ ಎಕ್ಸ್‌ರೇ ಎತ್ತಿ ಹಿಡಿದರು. ಹೊಟ್ಟೆ ತುಂಬಾ ಬೆಳ್ಳಗೆ ಕಲ್ಲು, ಹನ್ನೊಂದು.

"ಟ್ಯಾಂಕ್ ತಳಕ್ಕೆ ಏನಪ್ಪಾ ಹಾಕಿದ್ರಿ? ಇದು ಹುಳ ಹಿಡಿಯುವಾಗ ಬಾಯಿಗೆ ಸಿಕ್ಕಿದ್ದೆಲ್ಲಾ ಎಳ್ಕೊಂಡುಬಿಡುತ್ತೆ."

"ಅಂಗಡಿಯವರು ಏನೂ ಹಾಕ್ಬೇಡಿ ಅಂದಿದ್ರು," ಅಂದಳು ಸಿಂಚನ. "ಅಣ್ಣನೇ ಕಲ್ಲು ಕ್ರಷರ್‌ನಿಂದ ಬೇಬಿ ಜಲ್ಲಿ, ಅದೇ ಚಿಕ್ಕ ಕಲ್ಲು, ತಂದು ಸುರಿದ."

ಹೌದು, ನಾನೇ. ಕ್ರಷರ್‌ನಲ್ಲಿ ಲಾರಿಗೆ ಲೋಡ್ ಮಾಡೋನು ನಾನು. ಬರೀ ಗಾಜಿನ ಮೇಲೆ ಕಾಲು ಜಾರುತ್ತೆ ಪಾಪ ಅಂತ, ಮೂರು ಸಲ ತೊಳೆದು ಕೈಯಾರೆ ಹರಡಿದ್ದೆ.

"ಬದುಕುತ್ತಾ ಮೇಡಂ?"

"ಆಪರೇಷನ್ ಮಾಡಿ ನೋಡ್ತೀನಿ. ಮಾತು ಕೊಡಲ್ಲ. ಒಳಗೆ ತನ್ನಿ."

ಬಕೆಟ್ಟಿನಲ್ಲಿ ಅದು ಮಗ್ಗುಲಾಗಿ ತೇಲ್ತಿತ್ತು. ಎತ್ತೋಕೆ ಬಗ್ಗಿದೆ. ಸಿಂಚನ ನನ್ನ ಕೈ ತಳ್ಳಿದಳು.

"ನೀನು ಮುಟ್ಟಬೇಡ ಅಣ್ಣ," ಅಂದು ಬಕೆಟ್ ಎತ್ಕೊಂಡು ಒಬ್ಬಳೇ ಒಳಗೆ ಹೋದಳು.