ಲಿಂಬೆಹಣ್ಣಿನ ಅರ್ಥ

ಹಳದಿ, ಎಷ್ಟು ಹಳದಿ ಈ ಲಿಂಬೆಹಣ್ಣು, ನನ್ನ ಫೋರ್ಕ್‌ಲಿಫ್ಟಿನ ಗಾಲಿಯ ಮುಂದೆ ಇಟ್ಟಿದ್ದಾರೆ, ಸೀಟಿನಿಂದ ಬಗ್ಗಿದರೆ ಕಾಣುತ್ತದೆ — ಆಯುಧಪೂಜೆಯ ದಿನ ಪ್ರತಿ ವರ್ಷ ಇದನ್ನು ಗಾಲಿ ಹತ್ತಿಸಿ ಒಡೆಯಬೇಕಾದವಳು ನಾನೇ, ಬೇಲೂರು ಇಂಡಸ್ಟ್ರಿಯಲ್ ಏರಿಯಾದ ಈ ಕಾರ್ಖಾನೆಯಲ್ಲಿ ಗಾಡಿ ಓಡಿಸುವ ಹೆಂಗಸು ನಾನೊಬ್ಬಳೇ, ಸಾವಕ್ಕಾ ಲಗೂ ಹತ್ತು, ಮುಹೂರ್ತ ಮೀರತೈತಿ, ಸೂಪರ್‌ವೈಸರನ ಅವಸರ, ಹತ್ತಿದ್ದೇನೆ ಮಾರಾಯ, ಆದರೆ ಕಿವಿ ಇನ್ನೂ ಹಾಡಿನಲ್ಲೇ ಇದೆ, ನನ್ನ ಮಗಳು ಸಂಘಮಿತ್ರಾ ಈಗಷ್ಟೇ ಹಾಡಿದ್ದು, ಅವಳೇ ಬರೆದದ್ದು, ಗಾಲಿಗೆ ಮಾಲಿ, ಗಲ್ಲಾಕ ಆರತಿ, ಲಿಂಬಿಹಣ್ಣೇ, ನಿನಗ ಯಾವ ದೇವರು ಸಾರಥಿ — ಎಂಥ ಗಂಟಲು, ಶೆಡ್ಡಿನ ತಗಡೆಲ್ಲ ಗುಂಯ್ ಎಂದಿತು, ಹೆಮ್ಮೆ ಆಗುತ್ತದೆ, ಆಗಲಿ, ಯಾಕಾಗಬಾರದು, ಹೆತ್ತವಳು ನಾನು. ಸೂಪರ್‌ವೈಸರ್ ಮಾಲತೇಶ, ಹಾಡಿನಲ್ಲಿ ಆರತಿ, ದೇವರು ಎಂದು ಕಿವಿಗೆ ಬಿದ್ದದ್ದೇ ತಡ, ಭಕ್ತಿಗೀತೆ ಎಂದು ಕಾರ್ಯಕ್ರಮಕ್ಕೆ ಸೇರಿಸಿಬಿಟ್ಟ, ಪೂರ್ತಿ ಕೇಳಲು ಅವನಿಗೆ ಪುರುಸೊತ್ತೆಲ್ಲಿ, ನಮ್ಮ ಮನೆಯಲ್ಲಿ ಬುದ್ಧನ ಮುಂದೆ ಒಂದು ಮೇಣದಬತ್ತಿ ಬಿಟ್ಟರೆ ಬೇರೇನಿಲ್ಲ ಎಂಬುದೂ ಅವನಿಗೆ ಗೊತ್ತಿಲ್ಲ.

ಮಾಲೀಕರು ಮೈಕು ಹಿಡಿದು ಅರ್ಥ ಬಿಡಿಸುತ್ತಿದ್ದಾರೆ, ಗಲ್ಲಾಪೆಟ್ಟಿಗಿ ಅಂದ್ರ ಲಕ್ಷ್ಮಿ, ಲಿಂಬಿಹಣ್ಣು ಅಂದ್ರ ಕೆಟ್ಟ ದೃಷ್ಟಿ, ಅದನ್ನ ತುಳದರ ಧಂದೆ ಬೆಳಿತೈತಿ, ಈ ಹಾಡು ನಮ್ಮ ಕಂಪನಿ ಜಾಹೀರಾತಿಗೆ ಬೇಕು — ಆಹಾ, ಏನು ಪಾಂಡಿತ್ಯ, ಮಗಳು ಕಂಬಕ್ಕೆ ಒರಗಿ ನನ್ನನ್ನೇ ನೋಡುತ್ತಿದ್ದಾಳೆ, ಹೋದ ವರ್ಷವೂ ಇದೇ ಗಾಲಿ, ಇಂಥದೇ ಹಣ್ಣು, ಚಟ್ ಎಂದು ಒಡೆಯಿತು, ಎಲ್ಲರೂ ಚಪ್ಪಾಳೆ ತಟ್ಟಿದರು, ಇನ್ನ ವರ್ಷಾನಗಟ್ಲೆ ಅಪಘಾತ ಇಲ್ಲ ಬಿಡ್ರಿ ಎಂದರು, ವಾರ ತುಂಬುವುದರೊಳಗೆ ತಗಡು ಒತ್ತುವ ಪ್ರೆಸ್ಸು ನಮ್ಮ ಜೊತೆ ದುಡಿಯುತ್ತಿದ್ದ ರಸೂಲಸಾಬನ ಬೆರಳು ತಿಂದಿತು, ಪ್ರೆಸ್ಸಿಗೆ ಮತ್ತೆ ಕುಂಕುಮ ಹಚ್ಚಿ ಕಾಯಿ ಒಡೆದರು, ರಸೂಲಸಾಬನಿಗೆ ಮಾತ್ರ ನಾಳಿಂದ ಬರಬ್ಯಾಡ ಎಂದರು, ಮನೆಯಲ್ಲಿ ರೊಟ್ಟಿ ಬಡಿಯುತ್ತ ಇದನ್ನೆಲ್ಲ ಹೇಳಿದೆ, ಮಗಳು ಕೇಳಿದಳು, ಯವ್ವಾ, ಮಷಿನ್ನಿಗೆ ಪೂಜಿ ಮಾಡಿದ್ರು, ಮನಶ್ಯಾಗ? ಆ ಪ್ರಶ್ನೆಯೇ ಹಾಡಾಯಿತು, ಇದನ್ನು ಮಾಲೀಕರಿಗೆ ಯಾರು ಹೇಳಬೇಕು — ಮೈಕು ನನ್ನ ಮೂತಿಗೇ ಬಂತು, ತಾಯಿ ನೀನು, ಹೇಳವ್ವಾ, ನಾ ಹೇಳಿದ ಅರ್ಥ ಖರೇ ಹೌದಿಲ್ಲೋ, ಗಾಡಿಯ ಪಕ್ಕದಲ್ಲಿ ಮಾಲತೇಶನ ಪಿಸುಮಾತು, ಹೌದ್ರಿ ಅಂದಬಿಡು ಸಾವಕ್ಕಾ, ದಸರಾ ಮುಗದ ಮ್ಯಾಲೆ ನಿನ್ನ ಕಾಯಂ ಮಾಡೋರದಾರ, ಕಾಯಂ, ಗುತ್ತಿಗೆಯ ಕೂಲಿ ಎಣಿಸುತ್ತಲೇ ಕೂದಲು ಬೆಳ್ಳಗಾಯಿತು, ಕಾಯಂ ಎಂಬ ಮಾತಿಗೆ ಬಾಯಲ್ಲಿ ನೀರೂರುತ್ತದೆ, ಸುಳ್ಳೇಕೆ, ಹೌದ್ರಿ ಎಂದರೆ ಮುಗಿಯಿತು, ಆದರೆ ಮಗಳ ಹಾಡು ಅವರದಾಗುತ್ತದೆ, ರಸೂಲಸಾಬ ಇನ್ನೊಮ್ಮೆ ಗಾಲಿಯ ಕೆಳಗೆ — ಇಲ್ಲರೀ ಸಾಹೇಬ್ರ, ಲಿಂಬಿಹಣ್ಣು ಅಂದ್ರ ನಮ್ಮ ರಸೂಲಸಾಬ, ನಾಳೆ ನಾನೂ ಆಗಬಹುದು, ಇದು ನನ್ನ ದನಿಯೇ, ಸ್ಪೀಕರಿನಲ್ಲಿ ಎಷ್ಟು ದೊಡ್ಡದು, ಮಗಳ ಗಂಟಲು ನನ್ನದೇ ಹಾಗಾದರೆ, ಯಾರೂ ಚಪ್ಪಾಳೆ ತಟ್ಟುತ್ತಿಲ್ಲ, ಮಾಲತೇಶ ಒದರುತ್ತಾನೆ, ಹಣ್ಣಿನ ಮ್ಯಾಲೆ ಗಾಡಿ ಬಿಡು ಮೊದ್ಲ, ಬಿಡುತ್ತೇನೆ, ಗೇರು ಹಿಂದಕ್ಕೆ, ಪೀಂ ಪೀಂ ಎನ್ನುತ್ತ ಗಾಡಿ ಹಿಂದೆ ಸರಿಯುತ್ತದೆ, ಕಂಬದ ಹತ್ತಿರ ಮಗಳು ನೆಟ್ಟಗೆ ನಿಂತಿದ್ದಾಳೆ, ಮುಂದೆ ಖಾಲಿ ನೆಲ, ನಡುವೆ ಲಿಂಬೆಹಣ್ಣು, ಇಡಿಯಾಗಿ, ಹಳದಿ